ಹೇಮಾವತಿಯ ಮುಯ್ಯಿ

ಶ್ರಾವಣದ ಜಿಟಿಜಿಟಿ ನಸುಕಿಗೇ ನಿಂತಿತ್ತು. ಕಮಲಾಪುರದ ಕಾಲುವೆ ಪಕ್ಕದ ಬಾಳೆತೋಟದಲ್ಲಿ ಹೆಂಗಸರು ಗೊನೆಯ ತುದಿಯ ಹೂ ಮುರಿದು, ಕಾಯಿ ದಪ್ಪವಾಗಲೆಂದು ಹಾರ್ಮೋನು ಔಷಧಿ ಹೊಡೆಯುತ್ತಿದ್ದರು. ದುರ್ಗಕ್ಕ ಗಂಡ ನಾಗೇಂದ್ರಪ್ಪನ ಹಿಂದೆ ಬದುವಿನ ಮೇಲೆ ಬಸ್ಸಿಗೆಂದು ಹೊರಟಿದ್ದಳು.

“ಏನವ್ವಾ, ನನ್ನ ಮುಯ್ಯಿ ತೀರಿಸದ ಓಡಿ ಹೊಂಟಿ?” ಆಳುಗಳ ಮುಂದಾಳು ಹೇಮಾವತಿ ಕೂಗಿದಳು. ಹೋದ ವರ್ಷ ದುರ್ಗಕ್ಕನ ಭತ್ತದ ನಾಟಿಗೆ ಅವಳೊಂದು ದಿನ ಬಗ್ಗಿ ದುಡಿದಿದ್ದಳು. ತಿರುಗಿ ಒಂದು ದಿನ ದುಡಿದುಕೊಡುವುದು ಬಾಕಿ ಇತ್ತು.

“ನಿನ್ನ ಔಷಧಿ ನನ್ನ ಮೈ ತಿಂದೈತಿ. ಅದ ಮುಯ್ಯಿ ಅಂತ ತಿಳ್ಕೊ.”

ಹೇಮಾವತಿಯ ನಗು ಆರಿತು. ಅವಳ ಗುಂಪಿನಲ್ಲೇ ಔಷಧಿ ಹೊಡೆಯುತ್ತಿದ್ದ ದುರ್ಗಕ್ಕನಿಗೆ ವರ್ಷದ ಹಿಂದೆ ರಕ್ತ ಹೋಗತೊಡಗಿದಾಗ, “ಆ ಬಾಳಿ ಔಷಧಿದ ಕೆಲಸ ಇದು” ಎಂದವನು ನಾಗೇಂದ್ರಪ್ಪ. ಅಂದಿನಿಂದ ದುರ್ಗಕ್ಕ ಗೆಳತಿಯ ಹೊಸ್ತಿಲು ತುಳಿದಿರಲಿಲ್ಲ.

ಹೊಸಪೇಟೆಯ ಆಸ್ಪತ್ರೆಯಲ್ಲಿ ಡಾಕ್ಟರ್ ಮೇಧಾ ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. ಗರ್ಭಕೋಶದ ಬಾಯಿಯ ಕ್ಯಾನ್ಸರು ಎಂದರು.

“ಬಾಳಿಗೆ ಹೊಡಿಯೋ ಔಷಧಿದ್ದೇನ್ರೀ ಅವ್ವಾರ?” ದುರ್ಗಕ್ಕ ಕೇಳಿದಳು.

“ಅಲ್ಲವ್ವ. ಅದು ಗಿಡದ್ದು. ಇದಕ್ಕ ಬೀಜ ಒಂದು ವೈರಸ್ಸು, ಗಂಡ-ಹೆಂಡ್ತಿ ಕೂಡೋದರಿಂದ ಬರ್ತದ. ನಮ್ಮ ಮೈಯಾಗೂ ಬೆಳೆಸೋ ಹಾರ್ಮೋನು ಇರ್ತಾವ. ಎಲ್ಲಿ ಸಾಕು ಅನ್ನೋದು ಮೈಗೆ ಗೊತ್ತಿರ್ತದ. ವೈರಸ್ಸು ಆ ತಡೆ ಮುರೀತಂದ್ರ, ಅವೇ ಹಾರ್ಮೋನು ಕೆಟ್ಟ ಬೆಳಿಗೆ ನೀರು-ಗೊಬ್ಬರ ಆಗ್ತಾವ.”

“ಎಲ್ಲಿಂದ ಬಂತ್ರೀ?”

“ಯಾವಾಗ, ಯಾರಿಂದ ಅಂತ ಹೇಳಾಕ ಬರೂದಿಲ್ಲ. ಭಾಳ ಮಂದಿಗೆ ಬಂದು ತಾನ ಹೋಗ್ತದ. ಆದರ ಎರಡು ವರ್ಷದ ಹಿಂದ ಕಂಪ್ಲಿ ಕ್ಯಾಂಪಿನಾಗ ನಿಮಗ ಟೆಸ್ಟ್ ಮಾಡಿದ್ವಲ್ಲ, ಆಗ್ಲೇ ಈ ವೈರಸ್ಸು ಅದ ಅಂತ ಗೊತ್ತಾಗಿತ್ತು. ಜಲ್ದಿ ಕರ್ಕೊಂಡು ಬರ್ರಿ ಅಂತ ನಾನ ಫೋನ್ ಮಾಡಿದ್ದೆ.” ಡಾಕ್ಟರು ನಾಗೇಂದ್ರಪ್ಪನ ಕಡೆ ತಿರುಗಿದರು. “ನಿಮ್ಮ ಜೋಡಿನ ಮಾತಾಡಿದ್ದಲ್ರೀ?”

ಆ ಕ್ಯಾಂಪಿಗೆ ಅವಳನ್ನು ಎಳೆದುಕೊಂಡು ಹೋದವಳು ಹೇಮಾವತಿ. ಸ್ವಂತ ಫೋನಿಲ್ಲದ ದುರ್ಗಕ್ಕ ಗಂಡನ ನಂಬರು ಕೊಟ್ಟಿದ್ದಳು.

ನಾಗೇಂದ್ರಪ್ಪ ತನ್ನ ಚಪ್ಪಲಿ ನೋಡುತ್ತ ನಿಂತ.

ಬಸ್‌ಸ್ಟ್ಯಾಂಡಿನಲ್ಲಿ ಅವನೇ ಬಾಯಿ ಬಿಟ್ಟ. “ಸಂಡೂರಿನಾಗ ಲಾರಿ ಹೊಡಿಯುವಾಗ... ನನ್ನಿಂದ ಬಂತು ಅಂತ ಮಂದಿ ಅಂತಾರಂತ ಅಂಜಿದೆ.”

“ಬಂದಿದ್ದಕ್ಕ ಕೇಳಾಕತ್ತಿಲ್ಲ. ನಾ ರಕ್ತ ಒರೆಸ್ಕೊಂತ ಕುಂತಾಗ, ಡಾಕ್ಟರ ಮಾತು ಮುಚ್ಚಿಟ್ಟು ಹೇಮಿ ಔಷಧಿ ಮ್ಯಾಲೆ ಹಾಕಿದ್ಯಲ್ಲ?”

ಬಸ್ಸಿನಲ್ಲಿ ಅವಳು ಬೇರೆ ಸೀಟಿನಲ್ಲಿ ಕುಳಿತಳು.

ಸಂಜೆ ಹೇಮಾವತಿ ಕಾಲುವೆ ದಂಡೆಯಲ್ಲಿ ಕೈಕಾಲು ತೊಳೆಯುತ್ತಿದ್ದಳು. ದುರ್ಗಕ್ಕ ಬಂದು ನಿಂತಳು. ನಡೆದದ್ದನ್ನೆಲ್ಲ ಹೇಳಿ, ಕಡೆಗೆ, “ಸೋಮವಾರದಿಂದ ಆಸ್ಪತ್ರಿಯಾಗ ಕ್ಯಾನ್ಸರು ಸುಡಾಕ ಕರೆಂಟ್ ಕೊಡ್ತಾರಂತ. ಅದರೊಳಗ ನಿನ್ನ ಮುಯ್ಯಿ ತೀರಿಸ್ತೀನಿ, ನಾಳೆ ಕೆಲಸಕ್ಕ ಕರಿ” ಎಂದಳು.

“ಹುಚ್ಚಿ, ಇರಲಿ ಬಿಡಲೇ. ಬಾಕಿ ಇದ್ರ ತಿರುಗಿ ಬರ್ತಿ. ಸೋಮವಾರ ನಾನೂ ಬರ್ತೀನಿ, ನಡಿ.”

ಬದುವಿನ ಮೇಲಿಂದ ನಾಗೇಂದ್ರಪ್ಪ ಕೂಗಿದ: “ಕತ್ತಲಾತು, ಬಾ.”

ದುರ್ಗಕ್ಕ ತಿರುಗಿ ನೋಡಲಿಲ್ಲ. ಹೇಮಾವತಿಯ ಪಕ್ಕದಲ್ಲಿ ಕುಳಿತು ಕಾಲು ನೀರಿಗೆ ಇಳಿಬಿಟ್ಟಳು.