ನಿಂತ ಕಾಲಿನ ಅಳತೆ

ಪ್ರತಿಯೊಬ್ಬರ ಅಂಗಾಲಿನ ಕೆಳಗೂ ಒಂದು ಪುಟ್ಟ ಸೇತುವೆ ಇರುತ್ತದೆ, ಅದರಡಿಯಲ್ಲಿ ಇರುವೆಗಳ ರಾಜ ತನ್ನ ದಿಬ್ಬಣ ಸಮೇತ ಹಾದುಹೋಗುತ್ತಾನೆ, ನಾವು ಎದ್ದು ನಿಂತಾಗ ಅವನ ಕಿರೀಟಕ್ಕೆ ಪೆಟ್ಟಾಗಬಾರದೆಂದೇ ದೇವರು ಅಲ್ಲೊಂದು ಕಮಾನು ಕಟ್ಟಿದ್ದಾನೆ ಎಂದು ಅಜ್ಜಿ ಹೇಳುತ್ತಿದ್ದಳು. ಕಥೆ ಕೇಳಿದಾಗ ಮೊಮ್ಮಗಳಿಗೆ ಐದು ವರ್ಷ. ಮಾರನೆಯ ಬೆಳಗ್ಗೆ ಅವಳು ಬಚ್ಚಲ ಬಾಗಿಲಲ್ಲಿ ಕುಕ್ಕರುಗಾಲಲ್ಲಿ ಕೂತು, ಹೊರಬಂದವರ ಒದ್ದೆ ಹೆಜ್ಜೆಗಳನ್ನೆಲ್ಲ ತಪಾಸಣೆ ಮಾಡಿದಳು. ಅಜ್ಜಿಯ ಹೆಜ್ಜೆಯಲ್ಲಿ ಸೇತುವೆ ಇತ್ತು. ತನ್ನದರಲ್ಲೂ ಇತ್ತು. ದೊಡ್ಡಮ್ಮನದರಲ್ಲಿ ಇರಲಿಲ್ಲ. ಹಿಮ್ಮಡಿಯಿಂದ ಬೆರಳಿನ ತನಕ ಸ್ಲೇಟಿನ ಹಾಗೆ ತುಂಬಿದ ಹೆಜ್ಜೆ.

"ದೊಡ್ಡಮ್ಮಾ, ನಿನ್ನ ಸೇತುವೆ ಬಿದ್ದುಹೋಗಿದೆ! ಇರುವೆ ರಾಜನ ಗತಿ ಏನು?"

"ಅವನಿಗೇನು ಬಂತು, ಸುತ್ತು ಹಾಕ್ಕೊಂಡು ಹೋಗ್ತಾನೆ. ಸರಿ ಆಚೆ, ನಂಗೆ ಬಸ್ಸಿಗೆ ಹೊತ್ತಾಯ್ತು."

ದೊಡ್ಡಮ್ಮ ಒಂದು ದೊಡ್ಡ ಆಸ್ಪತ್ರೆಯ ಬಟ್ಟೆ ವಿಭಾಗದಲ್ಲಿ ಇಸ್ತ್ರಿಯ ಮೇಜಿನ ಮುಂದೆ ದಿನಕ್ಕೆ ಎಂಟು ಗಂಟೆ ನಿಲ್ಲುತ್ತಿದ್ದಳು. ತಂಗಿ ತೀರಿಹೋದ ಮೇಲೆ ತಂಗಿಯ ಮಗಳನ್ನೂ ತಾಯಿಯನ್ನೂ ಸಾಕಿದ್ದು ಆ ನಿಲುವೇ. ಸಂಜೆ ಮನೆಗೆ ಬಂದವಳು ಹೊಸ್ತಿಲ ಹತ್ತಿರವೇ ಗೋಡೆಗೆ ಕೈ ಕೊಟ್ಟು ಒಂದು ಕಾಲು, ಆಮೇಲೆ ಇನ್ನೊಂದು ಕಾಲು ಎತ್ತಿ ಗಾಳಿಯಲ್ಲಿ ಆಡಿಸುತ್ತಿದ್ದಳು. ನೋವು ಎನ್ನುವ ಮಾತು ಅವಳ ಬಾಯಿಂದ ಬಂದದ್ದನ್ನು ಯಾರೂ ಕೇಳಿಲ್ಲ. "ಕಾಲು ಸ್ವಲ್ಪ ಮಾತಾಡ್ತಿದೆ" ಎನ್ನುವಳು, ಅಷ್ಟೇ.

ಹುಡುಗಿ ಬೆಳೆದು ಶೂ ತಯಾರಿಸುವ ಕಾರ್ಖಾನೆಯೊಂದರ ವಿನ್ಯಾಸದ ಕೋಣೆ ಸೇರಿದಳು. ಅಲ್ಲಿ ಅವಳಿಗೆ 'ಕಮಾನಮ್ಮ' ಎಂದು ಹೆಸರು ಬಿತ್ತು. ಮಾತು ಎಲ್ಲಿ ಶುರುವಾದರೂ ಅವಳು ಅದನ್ನು ಪಾದದ ಕಮಾನಿಗೆ ತಂದು ಮುಟ್ಟಿಸುತ್ತಿದ್ದುದು ಅದಕ್ಕೆ ಕಾರಣ. ವೈದ್ಯರು ಬರೆದುಕೊಡುವ ಕಮಾನಿನ ಆಸರೆಯನ್ನು ಜನ ನಾಲ್ಕು ದಿನ ಶೂ ಒಳಗೆ ತುರುಕಿ ನಡೆದು, ಐದನೆಯ ದಿನ ಮಂಚದ ಕೆಳಗೆ ಎಸೆಯುತ್ತಾರೆ ಎಂಬುದು ಅವಳಿಗೆ ಗೊತ್ತಿತ್ತು. ಒಂದು ಅಂಗಡಿಯ ಆಸರೆ ಇನ್ನೊಂದು ಅಂಗಡಿಯ ಶೂ ಒಳಗೆ ಕೂರುವುದಿಲ್ಲ. ಒಂದೋ ಹಿಮ್ಮಡಿ ಮೇಲೇಳುತ್ತದೆ, ಇಲ್ಲ ಬೆರಳು ಮುದುಡುತ್ತದೆ. ಆದ್ದರಿಂದ ಆಸರೆಯನ್ನು ಶೂ ಜೊತೆಗೇ ಹುಟ್ಟಿಸಬೇಕು, ಅಟ್ಟೆಯ ಮೇಲೆಯೇ ಕಮಾನು ಎದ್ದಿರಬೇಕು, ಕಿತ್ತೆಸೆಯಲು ಏನೂ ಸಿಗಬಾರದು ಎಂದು ಅವಳು ಹಟ ಹಿಡಿದಳು. ಇಡೀ ದಿನ ನಿಂತು ಕೆಲಸ ಮಾಡುವ ಹೆಂಗಸರ ಶೂ ಅದು. ಕಾರ್ಖಾನೆಯ ಯಜಮಾನಿ ಮೂರು ತಿಂಗಳ ಗಡುವು ಕೊಟ್ಟರು.

ಆಸ್ಪತ್ರೆಯ ಬಟ್ಟೆ ವಿಭಾಗದ ಒಂಬತ್ತು ಹೆಂಗಸರ ಕಾಲಿನ ಅಳತೆಯಾಯಿತು. ಅವರಲ್ಲಿ ದೊಡ್ಡಮ್ಮನೂ ಒಬ್ಬಳು. ಅಳತೆ ಎಂದರೆ ಟೇಪು ಹಿಡಿಯುವುದಲ್ಲ. ರಟ್ಟಿನ ಪೆಟ್ಟಿಗೆಯೊಂದರಲ್ಲಿ ಒತ್ತಿದರೆ ಕುಸಿಯುವ ಫೋಮ್ ಇರುತ್ತದೆ, ಪಾದ ಅದರಲ್ಲಿ ಇಳಿದು ತನ್ನ ಗುರುತು ಬಿಟ್ಟು ಬರುತ್ತದೆ. ಎರಡು ಸಲ ಒತ್ತಿಸಬೇಕು, ಒಮ್ಮೆ ಕೂರಿಸಿ, ಇನ್ನೊಮ್ಮೆ ನಿಲ್ಲಿಸಿ. ಕೂತಾಗ ಎದ್ದಿರುವ ಕಮಾನು ಮೈಭಾರ ಬಿದ್ದಾಗ ಎಷ್ಟು ಇಳಿಯುತ್ತದೆ ಎಂದು ನೋಡಿ, ಆಸರೆಯ ಎತ್ತರವನ್ನು ಇವೆರಡರ ನಡುವೆ ಇಡುವುದು ಆ ಕೋಣೆಯ ಪದ್ಧತಿ.

ಹೆಂಗಸರು ಪಾಳಿ ಮುಗಿಸಿಕೊಂಡು ಬಂದಿದ್ದರು. ಮೊದಲು ಕೂತವಳು ದೊಡ್ಡಮ್ಮ. ಕುರ್ಚಿಗೆ ಬೆನ್ನು ತಾಗಿದ್ದೇ ತಡ, ಅವಳ ಕಣ್ಣು ತಾವಾಗಿಯೇ ಮುಚ್ಚಿದವು. ಎದ್ದು ನಿಲ್ಲು ಎನ್ನುವ ಮಾತು ಹುಡುಗಿಯ ನಾಲಿಗೆಯ ತುದಿಗೆ ಬಂದು, ಅಲ್ಲೇ ಕೂತುಬಿಟ್ಟಿತು. ಎಂಟು ಗಂಟೆ ನಿಂತವಳನ್ನು ಮತ್ತೆ ನಿಲ್ಲಿಸುವುದೇ? ಉಳಿದ ಎಂಟು ಜನರಿಗೂ ಅವಳು ಹೇಳಲಿಲ್ಲ. 'ನಿಂತಾಗ' ಎನ್ನುವ ಅಂಕಣದಲ್ಲಿ, ಕೂತಾಗ ಬಂದ ಲೆಕ್ಕಕ್ಕೆ ಎರಡು ಮಿಲಿಮೀಟರ್ ಕಡಿಮೆ ಮಾಡಿ ತಾನೇ ಬರೆದಳು. ಒಂಬತ್ತು ಜನಕ್ಕೂ ಎರಡೇ ಮಿಲಿಮೀಟರ್.

ಶೂ ತಯಾರಾದವು. ಮೂರು ವಾರ ತೊಟ್ಟು ನಡೆದು ನೋಡಬೇಕೆಂದು ಒಂಬತ್ತು ಜನಕ್ಕೂ ಕೊಟ್ಟದ್ದಾಯಿತು. ಮೊದಲ ಸಂಜೆ ಹುಡುಗಿ ಬಾಗಿಲಲ್ಲೇ ಕಾದಿದ್ದಳು.

"ಹೇಗಿದೆ ದೊಡ್ಡಮ್ಮ?"

"ಹತ್ತಿ ಮೇಲೆ ನಡೆದ ಹಾಗಿದೆ."

"ನಿಜ ಹೇಳು."

"ನಾನೇನು ಕೋರ್ಟಲ್ಲಿ ನಿಂತಿದೀನಾ? ಚೆನ್ನಾಗಿದೆ ಅಂದ್ರೆ ಚೆನ್ನಾಗಿದೆ."

ಮೂರು ವಾರದ ಕೊನೆಗೆ ಬಂದ ಒಂಬತ್ತು ಅಭಿಪ್ರಾಯದ ಹಾಳೆಗಳಲ್ಲೂ 'ತುಂಬಾ ಚೆನ್ನಾಗಿದೆ' ಎಂಬುದರ ಮುಂದೆಯೇ ಗುರುತು ಬಿದ್ದಿತ್ತು. ಯಜಮಾನಿಗೆ ಖುಷಿಯೋ ಖುಷಿ. ಅಟ್ಟೆ ಒತ್ತುವ ಉಕ್ಕಿನ ಅಚ್ಚು ಕೊರೆಯಲು ಶುಕ್ರವಾರ ನಕ್ಷೆ ಕಳಿಸುವುದೆಂದು ತೀರ್ಮಾನವಾಯಿತು. ಉಕ್ಕಿನಲ್ಲಿ ಕೊರೆದದ್ದು ಹಣೆಬರಹ ಇದ್ದ ಹಾಗೆ. ಆಮೇಲೆ ಆ ಎತ್ತರದಲ್ಲೇ ಸಾವಿರಾರು ಜೊತೆ ಹುಟ್ಟುತ್ತವೆ.

ಅಷ್ಟರೊಳಗೆ ಬಳಸಿದ ಶೂಗಳನ್ನು ವಾಪಸು ತರಿಸಿ ಸವೆತ ನೋಡಬೇಕಿತ್ತು. ಎಂಟು ಜೊತೆ ಬಂದವು. ದೊಡ್ಡಮ್ಮನದು ಮಾತ್ರ ಬರಲಿಲ್ಲ.

"ತೊಳೆದು ಕೊಡ್ತೀನಿ."

"ತೊಳೆಯೋ ಹಾಗಿಲ್ಲ. ಹೇಗಿದೆಯೋ ಹಾಗೇ ಬೇಕು."

"ವಾಸನೆ ಬರುತ್ತೆ ಕಣೆ. ನಾಲ್ಕು ಜನ ನೋಡೋ ಜಾಗ."

ಗುರುವಾರ ಬೆಳಗ್ಗೆ ದೊಡ್ಡಮ್ಮ ಬಚ್ಚಲಿಗೆ ಹೋದ ಹೊತ್ತು ನೋಡಿ, ಹುಡುಗಿ ಅವಳ ಚೀಲದಿಂದ ಶೂ ಎತ್ತಿಕೊಂಡು ಬಂದಳು.

ಶೂ ಬಿಚ್ಚಿ ನೋಡುವವನು ಅಚ್ಚಣ್ಣ. ಕಾರ್ಖಾನೆಯಲ್ಲಿ ಮರದ ಕಾಲುಗಳನ್ನು ಕೆತ್ತುತ್ತ ತಲೆ ನೆರೆಸಿಕೊಂಡ ಮನುಷ್ಯ. ಆ ಮರದ ಕಾಲುಗಳ ಮೇಲೆಯೇ ಶೂ ಹೊಲಿಯುವುದು. ಅವನು ಮೊದಲು ಎಂಟು ಜೊತೆಗಳನ್ನು ಮೇಜಿನ ಮೇಲೆ ಅಂಗಾತ ಮಲಗಿಸಿ, ಅಟ್ಟೆಗಳ ಮೇಲೆ ಹೆಬ್ಬೆರಳು ಆಡಿಸಿದ. ನಾಲ್ಕು ಜೊತೆಗಳನ್ನು ಒಂದು ಕಡೆ ಸರಿಸಿದ.

"ಇವು ಗರ್ಭಗುಡಿಯಲ್ಲಿ ಇಟ್ಟಿದ್ದವೇನಮ್ಮ? ಮೂರು ವಾರ ನಡೆದ ಅಟ್ಟೆಯಲ್ಲಿ ಗೆರೆ ಹಾಗೇ ಇದಾವೆ."

ಅಚ್ಚಣ್ಣ ದೊಡ್ಡಮ್ಮನ ಶೂ ಒಳಗೆ ಕೈ ಹಾಕಿ ತಡವಿದ. ಹುಬ್ಬು ಮೇಲೇರಿತು. ಒಳಗಿನ ಬಟ್ಟೆಯ ಅಂಚನ್ನು ಉಗುರಿನಿಂದ ಎಬ್ಬಿಸಿ ಬೆಳಕಿಗೆ ಹಿಡಿದ.

"ಈ ಹೊಲಿಗೆ ನಮ್ಮದಲ್ಲ."

ಅಲ್ಲ. ಕಾರ್ಖಾನೆಯ ಹೊಲಿಗೆ ಬೂದು ಬಣ್ಣದ ಸಣ್ಣ ದಾರದ್ದು. ಇದು ಬಿಳಿ, ದಪ್ಪ, ಕೈಹೊಲಿಗೆ. ಆ ದಾರವನ್ನು ಹುಡುಗಿ ಚಿಕ್ಕಂದಿನಿಂದ ನೋಡಿದ್ದಳು. ಹರಿದ ಆಸ್ಪತ್ರೆಯ ಚಾದರಗಳನ್ನು ದೊಡ್ಡಮ್ಮ ಅದರಲ್ಲಿ ಹೊಲಿಯುತ್ತಿದ್ದಳು. ಹುಡುಗಿಯ ಶಾಲೆಯ ಚೀಲಕ್ಕೂ ಅದೇ ದಾರ. ಅಚ್ಚಣ್ಣ ದಾರ ಕತ್ತರಿಸಿ ಬಟ್ಟೆ ಸರಿಸಿದ. ಅವಳು ಮೂರು ತಿಂಗಳು ನಿದ್ದೆಗೆಟ್ಟು ತಿದ್ದಿ ತಿದ್ದಿ ಎಬ್ಬಿಸಿದ ಕಮಾನನ್ನು ಯಾರೋ ಚಾಕುವಿನಿಂದ ಒಂದೊಂದೇ ಎಳೆಯಾಗಿ, ಬದನೆಕಾಯಿ ಹೆಚ್ಚಿದಷ್ಟು ನಿಧಾನವಾಗಿ ಹೆರೆದು ತಗ್ಗಿಸಿದ್ದರು.

ಸರಿಸಿಟ್ಟ ನಾಲ್ಕು ಬಿಟ್ಟು ಉಳಿದ ನಾಲ್ಕನ್ನೂ ಬಿಚ್ಚಿದರು. ನಾಲ್ಕರಲ್ಲೂ ಅದೇ ಬಿಳಿ ದಾರ. ನಾಲ್ಕರಲ್ಲೂ ಅದೇ ಚಾಕು.

ಅಚ್ಚಣ್ಣ ಹೆರೆಯದ ಒಂದು ಶೂ, ಹೆರೆದ ಒಂದು ಶೂ ಅಕ್ಕಪಕ್ಕ ಇಟ್ಟು ನೋಡಿದ.

"ಹೆತ್ತವರಿಗೆ ಹೆಗ್ಗಣ ಮುದ್ದು, ಅದು ಸರಿ. ಆದ್ರೆ ಕಮಾನಮ್ಮ, ನಿಂದು ಹೆಗ್ಗಣದ ಬೆನ್ನಿನ ಥರಾನೇ ಇದೆ. ಇದರ ಮೇಲೆ ಎಂಟು ಗಂಟೆ ನಿಲ್ಲೋದು ಅಂದ್ರೆ..." ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದ, "ನಿಲ್ಲಿಸಿ ಅಳತೆ ತಗೊಂಡಿದ್ಯಾ?"

"ಇಲ್ಲ."

"ಅಂಕಣ ತುಂಬಿತ್ತಲ್ಲ?"

"ನಾನೇ ತುಂಬಿಸಿದೆ."

ಅಚ್ಚಣ್ಣ ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸಿದ. "ನಂಗೆ ಈಚೆಗೆ ಕಣ್ಣು ಅಷ್ಟು ಕಾಣಲ್ಲ. ನಾಳೆ ಬೆಳಗ್ಗೆ ಹತ್ತರ ತನಕ ನಾನು ಏನೂ ನೋಡಿಲ್ಲ. ಹತ್ತಕ್ಕೆ ನಕ್ಷೆ ಹೋಗುತ್ತೆ. ನಿನ್ನ ಮಗು, ನೀನೇ ಹೇಳಬೇಕು."

ಸಂಜೆ ದೊಡ್ಡಮ್ಮ ಮನೆಗೆ ಬಂದಾಗ ಹೆರೆದ ಶೂ ಊಟದ ಮೇಜಿನ ಮೇಲೆ ಇತ್ತು. ಅವಳು ಅದನ್ನು ನೋಡಿದಳು, ಹುಡುಗಿಯನ್ನು ನೋಡಿದಳು, ಗೋಡೆಗೆ ಕೈ ಕೊಟ್ಟು ಕಾಲು ಆಡಿಸಿದಳು.

"ಊಟದ ಮೇಜಿನ ಮೇಲೆ ಶೂ ಇಡ್ತಾರೇನೆ?"

"ಯಾಕೆ ಹೆರೆದೆ?"

"ನೀನು ಮೂರು ತಿಂಗಳು ಅನ್ನ ನಿದ್ದೆ ಬಿಟ್ಟು ಮಾಡಿದ್ದು. ನಿನ್ನ ಕೈಯಲ್ಲಿ ತಪ್ಪಾಗಿರಲ್ಲ, ನನ್ನ ಕಾಲೇ ಸರಿ ಇಲ್ಲ ಅಂದ್ಕೊಂಡೆ."

"ಉಳಿದ ನಾಲ್ಕು ಜನರದ್ದು?"

ದೊಡ್ಡಮ್ಮ ಸ್ವಲ್ಪ ಯೋಚಿಸಿದಳು. "ಅವರ ಕಾಲೂ ಸರಿ ಇರ್ಲಿಲ್ಲ."

"ಮತ್ತೆ ಆ ಹಾಳೆಯಲ್ಲಿ ಎಲ್ಲರೂ ಚೆನ್ನಾಗಿದೆ ಅಂತ ಬರೆದಿದ್ದು?"

"ಹೆರೆದ ಮೇಲೆ ಚೆನ್ನಾಗೇ ಇತ್ತಲ್ಲ! ನಿಜ ಹೇಳ್ತೀನಿ, ಹೆರೆದ ಮೇಲೆ ಹತ್ತಿ ಮೇಲೆ ನಡೆದ ಹಾಗೇ ಇದೆ. ಇನ್ನು ಆ ನಾಲ್ಕು ಜನ ಹಾಕ್ಕೊಳ್ಳೇ ಇಲ್ಲ, ನನ್ನ ಮುಖ ನೋಡಿ ಬರೆದರು. ಪೆಟ್ಟಿಗೆಯಲ್ಲಿ ಭದ್ರವಾಗಿ ಇಟ್ಟಿದ್ರು, ಪಾಪ."

"ಒಂದು ಮಾತು ನಂಗೆ ಹೇಳಬಹುದಿತ್ತು."

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲು ಅನ್ನೋ ಹಾಗಾಗುತ್ತೆ ಅಂತ ಸುಮ್ಮನಾದೆ." ದೊಡ್ಡಮ್ಮ ಶೂ ಎತ್ತಿ ನೆಲದ ಮೇಲೆ ಇಟ್ಟಳು. "ಈಗೇನು? ಯಾರಾದ್ರೂ ಕೇಳಿದ್ರೆ ನಮ್ಮ ದೊಡ್ಡಮ್ಮ ಪೆದ್ದಿ, ಬುದ್ಧಿ ಇಲ್ಲದೆ ಕತ್ತರಿಸಿಬಿಟ್ಲು ಅನ್ನು. ನಂಗೇನು ಕಿರೀಟ ಬೀಳಲ್ಲ. ನಿನ್ನ ಕೆಲಸ ಉಳಿಯುತ್ತೆ."

ಹುಡುಗಿಗೆ ಆ ದಾರಿ ಚೆನ್ನಾಗಿ ಕಾಣಿಸಿತು. ನೇರ, ನುಣುಪು, ನೆರಳಿರುವ ದಾರಿ. ಅಜ್ಜಿಯ ಕಥೆಗಳಲ್ಲಿ ಅಂಥ ದಾರಿ ಹಿಡಿದವರು ಯಾವತ್ತೂ ರಾಕ್ಷಸನ ಮನೆಗೇ ಹೋಗಿ ಮುಟ್ಟುತ್ತಿದ್ದರು. ಅವಳು ಕಾರ್ಖಾನೆಯಿಂದ ತಂದಿದ್ದ ಫೋಮ್ ಪೆಟ್ಟಿಗೆಯನ್ನು ನೆಲದ ಮೇಲೆ ಇಟ್ಟಳು.

"ಎದ್ದು ನಿಂತ್ಕೋ ದೊಡ್ಡಮ್ಮ."

"ಈಗ ತಾನೇ ಬಂದೆ ಕಣೆ."

"ಗೊತ್ತು. ನಿಂತ್ಕೋ."

ದೊಡ್ಡಮ್ಮ ನಿಂತಳು. ಪಾದ ಸದ್ದು ಮಾಡದೆ ಇಳಿಯಿತು, ಒದ್ದೆ ನೆಲದ ಮೇಲೆ ಬೀಳುತ್ತಿದ್ದ ಅದೇ ತುಂಬು ಹೆಜ್ಜೆ. ಹುಡುಗಿ ಕಡ್ಡಿ ಇಟ್ಟು ಅಳೆದಳು. ಕಮಾನು ಇಳಿದದ್ದು ಎರಡು ಮಿಲಿಮೀಟರ್ ಅಲ್ಲ, ಏಳು. ಚಾಕು ಹೆರೆದ ಎತ್ತರಕ್ಕೂ ಈ ಅಳತೆಯಿಂದ ಹೊರಡುವ ಎತ್ತರಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

ಶುಕ್ರವಾರ ಒಂಬತ್ತೂಕಾಲಿಗೆ ಅವಳು ಯಜಮಾನಿಯ ಕೋಣೆಯಲ್ಲಿದ್ದಳು. ಹೇಳಲು ಎರಡು ನಿಮಿಷ ಸಾಕಾಯಿತು. ನಿಲ್ಲಿಸಿ ಅಳೆದಿಲ್ಲ, ಅಂಕಣ ಸುಳ್ಳು, ಹಾಳೆಗಳೂ ಸುಳ್ಳು. ಯಜಮಾನಿ ಹೆರೆದ ಶೂ ಒಳಗೆ ಬೆರಳಿಟ್ಟು ನೋಡಿದರು.

"ಇದನ್ನ ಯಾರು ಮಾಡಿದ್ದು?"

"ನಮ್ಮ ದೊಡ್ಡಮ್ಮ. ತರಕಾರಿ ಚಾಕುವಿನಲ್ಲಿ."

"ಅವರಿಗೆ ಕೆಲಸ ಕೊಡೋಣ, ನಿನ್ನ ಮನೆಗೆ ಕಳಿಸೋಣ ಅನ್ಸುತ್ತೆ." ಯಜಮಾನಿ ನಗಲಿಲ್ಲ. ಫೋನ್ ಎತ್ತಿ ಅಚ್ಚಿನ ಕೆಲಸ ನಿಲ್ಲಿಸಲು ಹೇಳಿದರು. "ಈ ಸಲ ಮಾರುಕಟ್ಟೆಗೆ ಹೋಗೋ ಪಟ್ಟಿಯಲ್ಲಿ ನಿನ್ನ ಶೂ ಇರಲ್ಲ. ಮುಂದಿನ ಸಲಕ್ಕೂ ಇರುತ್ತೆ ಅಂತ ನಾನು ಮಾತು ಕೊಡಲ್ಲ. ಒಂಬತ್ತು ಜನರದ್ದೂ ಮತ್ತೆ ಅಳತೆ ತಗೊಂಡು ಬಾ. ಅಚ್ಚಣ್ಣ ಜೊತೆಗಿರ್ತಾರೆ. ಅಂಕಣಕ್ಕೆ ಅವರದ್ದೂ ಸಹಿ ಬೇಕು."

ಅವಳ ಸಹಿಯೊಂದೇ ಇನ್ನು ಸಾಲದು ಎಂದು ಇದರ ಅರ್ಥ. ಹುಡುಗಿ ತಲೆಯಾಡಿಸಿದಳು.

ಸೋಮವಾರ ಸಂಜೆ ಆಸ್ಪತ್ರೆಯ ಬಟ್ಟೆ ಬದಲಿಸುವ ಕೋಣೆಯಲ್ಲಿ ಪಾಳಿ ಮುಗಿಸಿದ ಒಂಬತ್ತು ಹೆಂಗಸರು ಸಾಲಾಗಿ ಬಂದರು. ಸೋಪಿನ ಹಬೆಯ ವಾಸನೆ ಅವರ ಜೊತೆಗೇ ಬಂತು. ಅವರಲ್ಲಿ ಎಲ್ಲರಿಗಿಂತ ದಪ್ಪಗಿನವಳು, ಗುಂಡಕ್ಕ ಎಂದು ಕರೆಸಿಕೊಳ್ಳುವವಳು, ಕೋಣೆಯ ನಾಲ್ಕೂ ಮೂಲೆ ನೋಡಿದಳು.

"ಹೋದ ಸಲ ಕುರ್ಚಿ ಇತ್ತಲ್ಲಮ್ಮ?"

"ಆಮೇಲೆ ತರಿಸ್ತೀನಿ ಅಕ್ಕ. ಮೊದಲು ನಿಲ್ಲಬೇಕು."

"ಏನೇ, ಹೋದ ಸಲ ಬಂಗಾರದಂಥ ಹುಡುಗಿ ಆಗಿದ್ದೆ! ಶೂ ಹೆರೆದಿದ್ದಕ್ಕೆ ಶಿಕ್ಷೆನಾ ಇದು?"

"ಹೌದು ಅಂತ್ಲೇ ಇಟ್ಕೊಳ್ಳಿ," ಎಂದ ಅಚ್ಚಣ್ಣ, ಪೆನ್ನಿನ ಮುಚ್ಚಳ ತೆಗೆಯುತ್ತ.

ದೊಡ್ಡಮ್ಮ ಸಾಲಿನ ಕೊನೆಯಲ್ಲಿ ನಿಂತಿದ್ದಳು. ಅವಳ ಅಳತೆ ಮನೆಯಲ್ಲೇ ಆಗಿತ್ತು. ಅಚ್ಚಣ್ಣನ ಕಣ್ಣೆದುರು ಇನ್ನೊಮ್ಮೆ ಆಗಬೇಕಿತ್ತು. ಗುಂಡಕ್ಕ ಗೊಣಗುತ್ತ ಪೆಟ್ಟಿಗೆಯೊಳಗೆ ಬಲಗಾಲು ಇಟ್ಟು, ಹುಡುಗಿಯ ಭುಜ ಹಿಡಿದು ಪೂರಾ ಭಾರ ಬಿಟ್ಟಳು. ಫೋಮ್ ಮೆಲ್ಲಗೆ ಕರಕರ ಅಂದಿತು. ಹುಡುಗಿ ಮೊಣಕಾಲೂರಿ, ಕಡ್ಡಿ ಇಟ್ಟು, ಕಮಾನು ಇಳಿದ ಲೆಕ್ಕವನ್ನು ಗಟ್ಟಿಯಾಗಿ ಓದಿದಳು.

"ಐದು."

"ಐದು," ಎಂದು ಅಚ್ಚಣ್ಣ ಬರೆದುಕೊಂಡ. "ಮುಂದಿನವರು."