ಕಾಲಿನ ಬದಲು ಕುಂಬಳಕಾಯಿ

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮರಳಿ ಎಂಬ ನಮ್ಮ ಊರಿಗೆಲ್ಲ ಗೊತ್ತು. ಇರಲಿ, ನನ್ನ ಮೂಗು, ನನ್ನ ಸಿಟ್ಟು. ಆದರೆ ಎಂಬತ್ಮೂರರ ಆ ಮಳೆಗಾಲದಲ್ಲಿ ನಾನು ಸಿಟ್ಟು ಮಾಡದಿದ್ದರೆ ಬೇರೆ ಯಾರು ಮಾಡಬೇಕಿತ್ತು ಹೇಳಿ.

ನಮ್ಮ ಮನೆಯವರು ಹಳೆಯದೊಂದು ರಾಜದೂತ ಮೋಟರ್‌ಸೈಕಲ್ ಕೊಂಡಿದ್ದರು. ಅವರ ಹೆಸರು ವಿರುಪಣ್ಣ. ಬರೆಯುವುದಕ್ಕೆ ಅಡ್ಡಿಯಿಲ್ಲ, ಬಾಯಲ್ಲಿ ಮಾತ್ರ ಹೇಳುವುದಿಲ್ಲ. ಗಾಡಿ ಮಾರಿದ ಪುಣ್ಯಾತ್ಮ ಅದನ್ನು ಕೊಡುವ ಮುಂಚೆ ಮುಂದಿನ ಕಬ್ಬಿಣದ ಗಾರ್ಡು, ಹಿಂದೆ ಸೀರೆ ಸಿಗದಂತೆ ಹಾಕುವ ಜಾಳಿಗೆ, ಕೊನೆಗೆ ಕನ್ನಡಿಯನ್ನು ಸಹ ಬಿಚ್ಚಿ ಇಟ್ಟುಕೊಂಡಿದ್ದ. ಚಕ್ರದೊಳಗಿನ ಗಾಳಿಯನ್ನು ಬಿಟ್ಟುಕೊಟ್ಟಿದ್ದನಲ್ಲ, ಅದೇ ದೊಡ್ಡದು!

ಆದರೂ ಆ ಗಾಡಿ ಬಂದ ಮೇಲೆಯೇ ನನ್ನ ಜೀವಕ್ಕೆ ಹಾಯೆನಿಸಿದ್ದು. ನಾನು ಆನೆಗೊಂದಿಯ ಕಡೆ, ಗುಡ್ಡದ ಬುಡದ ಒಂದು ಸಣ್ಣ ಶಾಲೆಯಲ್ಲಿ ಮಕ್ಕಳಿಗೆ ಕಲಿಸುತ್ತಿದ್ದೆ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಗಂಗಾವತಿಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ಅವೆರಡೂ ಕೂಡಿಬಂದ ದಿನ ಹಬ್ಬ. ಇಲ್ಲದಿದ್ದರೆ ಪ್ರಾರ್ಥನೆ ಮುಗಿದು ಮಗ್ಗಿ ಶುರುವಾದ ಮೇಲೆ ನಾನು ಕಳ್ಳಿಯ ಹಾಗೆ ಒಳಗೆ ನುಸುಳಬೇಕು. ಹೀಗೇ ತಡವಾಗುತ್ತಿದ್ದರೆ ಬೇರೆಯವರನ್ನು ಕಳಿಸಿರೆಂದು ಮೇಲಿನವರಿಗೆ ಬರೆಯುವುದಾಗಿ ಹೆಡ್‌ಮಾಸ್ತರರು ಎಚ್ಚರಿಸಿದ್ದರು. ನಮ್ಮವರಿಗೆ ಕಾಲುವೆಯ ಗೇಟು ನೋಡಿಕೊಳ್ಳುವ ಕೆಲಸ, ಅದೂ ಆ ದಿಕ್ಕಿಗೇ. ಹೀಗಾಗಿ ಗಾಡಿ ಬಂದಾಗಿನಿಂದ ಗಂಟೆ ಬಾರಿಸುವವಳೇ ನಾನಾಗಿದ್ದೆ.

ಆಮೇಲೆ ಬಿದ್ದೆವು. ನಾಟಿಯ ಕಾಲ, ಕಾಲುವೆಯ ಏರಿಯ ಮೇಲೆ ಎರೆಮಣ್ಣು ಬೆಣ್ಣೆಯಂತೆ ಜಾರುತ್ತಿತ್ತು. ಗಾಡಿ ಎಡಕ್ಕೆ ಮಲಗಿತು, ಅವರ ಕಾಲು ಅದರ ಕೆಳಗೆ ಸಿಕ್ಕಿತು. ಎರಡೂ ಕಾಲು ಎಡಕ್ಕೆ ಇಳಿಬಿಟ್ಟು ಕೂತಿದ್ದ ನಾನು ಹಾರಿ ಹೋಗಿ ಯಾರದೋ ಗದ್ದೆಯಲ್ಲಿ ಭತ್ತದ ಸಸಿಗಳ ನಡುವೆ ನಾಟಿಯಾದೆ. ಕೆಲಸದ ಹೆಣ್ಣುಮಕ್ಕಳು ನಕ್ಕಿದ್ದು ಇವತ್ತಿಗೂ ಕಿವಿಯಲ್ಲಿದೆ.

ನಮ್ಮವರ ಕಾಲು ಮುರಿದಿರಲಿಲ್ಲ, ಆದರೆ ಊದಿ ದಿಂಬಾಗಿತ್ತು. ನಮ್ಮ ಅತ್ತೆ ಕರಿಯವ್ವ ಅಮಾವಾಸ್ಯೆಯಿಂದ ಹುಣ್ಣಿಮೆಯವರೆಗೆ ಮಗನ ಕಾಲಿಗೆ ಅರಿಷಿಣದ ಎಣ್ಣೆ ತಿಕ್ಕಿದರು. ಬಂದವರೆಲ್ಲ ನಮ್ಮವರ ಕಾಲಿನ ಬಗ್ಗೆಯೇ ಕೇಳಿದರು. ನನ್ನ ಮಂಡಿಯ ಮೇಲೂ ಚರ್ಮ ಕಿತ್ತಿತ್ತು. ಕೇಳದವರಿಗೆ ಹೇಳುವುದೇನು ಎಂದು ಸೀರೆ ಮುಚ್ಚಿಕೊಂಡು ಬಸ್ಸಿಗೆ ಓಡಾಡಿದೆ.

ಹುಣ್ಣಿಮೆಯ ಮರುದಿನ ಅತ್ತೆ ತೀರ್ಪು ಕೊಟ್ಟರು. "ಗಾಡಿ ಮಾರಿಬಿಡು. ದುರಗಪ್ಪ ತಗೋತೀನಿ ಅಂತಾನ."

ದುರಗಪ್ಪ ಪಕ್ಕದ ಮನೆಯವನು. ನಾವು ಬಿದ್ದ ದಿನದಿಂದ ಗಾಡಿಯನ್ನು ದಿನಾ ಒರೆಸಿಕೊಡಲು ಬರುತ್ತಿದ್ದ, ಅಷ್ಟು ಒಳ್ಳೆಯ ಮನಸ್ಸು!

"ನನ್ನ ಸಾಲಿ ಹೆಂಗ, ಅತ್ತಿ?" ಎಂದೆ.

"ಬಸ್ಸಿಗೆ ಹೋಗು. ಆಗಂಗಿಲ್ಲಂದ್ರ ಬಿಡು. ಜೀವಕ್ಕಿಂತ ಸಾಲಿ ಹೆಚ್ಚೇನು?"

ಆ 'ಬಿಡು' ಎಂಬುದು ನನ್ನ ಎದೆಗೆ ಚುಚ್ಚಿತು. ಸೊಸೆ ಮನೆಯಲ್ಲಿದ್ದರೆ ರೊಟ್ಟಿ ಬಡಿಯುವ ಕೆಲಸ ತಪ್ಪುತ್ತದೆ ಎಂದು ಇವರ ಲೆಕ್ಕ ಅಂದುಕೊಂಡೆ. ಆ ರಾತ್ರಿ ಊಟ ಮಾಡಲಿಲ್ಲ. ಕೊನೆಗೆ ನಮ್ಮವರು ತಾಯಿಯ ಮುಂದೆ ಕೂತು, ಗಾರ್ಡು ಇದ್ದಿದ್ದರೆ ಕಾಲಿಗೆ ಏನೂ ಆಗುತ್ತಿರಲಿಲ್ಲ, ಹಾಕಿಸಿಕೊಂಡು ಬರುತ್ತೇನೆ ಎಂದು ಗೋಗರೆದರು.

"ಹಾಕ್ಸ್ಕೊಂಡು ಬಾ," ಎಂದರು ಅತ್ತೆ. "ನಾ ನೋಡ್ತೀನಿ. ನನ್ನ ಮನಸ್ಸಿಗೆ ಬರ್ಲಿಲ್ಲಂದ್ರ ದುರಗಪ್ಪ ಹೊಡ್ಕೊಂಡು ಹೋಗ್ಲಿ."

ಗಂಗಾವತಿಯಲ್ಲಿ ಉಮರಸಾಬರ ಕುಲುಮೆಗೆ ಹೋದೆವು. ಕೆಸರುಗದ್ದೆಗೆ ಇಳಿಯುವ ಟ್ರ್ಯಾಕ್ಟರುಗಳಿಗೆ ಕಬ್ಬಿಣದ ಗಾಲಿ ಮಾಡುವ ಮನುಷ್ಯ ಅವರು; ಸಣ್ಣದು ಎಂಬ ಮಾತೇ ಅವರಿಗೆ ಒಗ್ಗದು. ನಮ್ಮವರನ್ನು ಗಾಡಿಯ ಮೇಲೆ ಕೂರಿಸಿ, ಒಂದು ಕಾಲು ಗೇರಿನ ಮೇಲೆ, ಒಂದು ಬ್ರೇಕಿನ ಮೇಲೆ ಇಡಿಸಿ, ಸುತಳಿ ಹಿಡಿದು ಅಳೆದರು. ನೀರಿನ ಪೈಪಿನ ಒಳಗೆ ಒಣ ಮರಳು ತುಂಬಿ, ಎರಡೂ ಬಾಯಿಗೆ ಕಟ್ಟಿಗೆಯ ಬಿರಡೆ ಜಡಿದರು. ಮರಳಿಲ್ಲದೆ ಬಗ್ಗಿಸಿದರೆ ಪೈಪು ಚಪ್ಪಟೆಯಾಗುತ್ತದಂತೆ. ಅದನ್ನು ಕೆಂಪಗೆ ಕಾಯಿಸಿ ದುಂಡಗೆ ಬಗ್ಗಿಸಿದರು. ಎರಡು ಕಿವಿ ಚಾಚಿದಂತಾದ ಆ ಪೈಪನ್ನು ಪೆಟ್ರೋಲ್ ಟಾಕಿಯ ಕೆಳಗೆ, ಇಂಜಿನ್ನಿನ ಮುಂದಿನ ಸರಳಿಗೆ ಪಟ್ಟಿ ಕೊಟ್ಟು ಬೋಲ್ಟು ಬಿಗಿದರು.

"ಇದು ಬಾಗಬೇಕಂದ್ರ ಆನಿ ಬರಬೇಕ್ರಿ, ಅಕ್ಕೋರ," ಎಂದರು ನನಗೆ.

ನಾನು ಬೇವಿನ ನೆರಳಲ್ಲಿ ಪೇರಲ ತಿನ್ನುತ್ತ ನಿಂತಿದ್ದೆ. ನನ್ನನ್ನು ಯಾರೂ ಗಾಡಿಯ ಮೇಲೆ ಕೂರಿಸಿ ಅಳೆಯಲಿಲ್ಲ, ಅಳೆಯಿರಿ ಎಂದು ನನಗೂ ಹೊಳೆಯಲಿಲ್ಲ. ಕಾಲು ಊದಿದ್ದು ಅವರದಲ್ಲವೇ!

ಮನೆ ಮುಟ್ಟಿದಾಗ ಓಣಿಯ ಮಂದಿಯೆಲ್ಲ ಅಂಗಳದಲ್ಲಿದ್ದರು. ಎಲ್ಲರಿಗಿಂತ ಮುಂದೆ ದುರಗಪ್ಪ. ಗಾಡಿಗೆ ಹೊಸದೇನಾದರೂ ಹಾಕಿಸಿದರೆ ಪೂಜೆ ಮಾಡದೆ ಇರುತ್ತೇವೆಯೇ? ನಿಂಬೆಹಣ್ಣು, ಕರ್ಪೂರ ತಂದಿದ್ದೆವು. ಮಾಳಿಗೆಯ ಮೇಲೆ ಹಬ್ಬಿದ್ದ ಬಳ್ಳಿಯಿಂದ ಒಂದು ಬೂದುಗುಂಬಳಕಾಯಿ ಕಿತ್ತು, ಗಾಡಿಯ ಮುಂದೆ ಒಡೆಯಲು ತಲೆಯ ಮೇಲೆ ಎತ್ತಿದೆ. ಅತ್ತೆ ಬಂದು ಕೈಯಿಂದ ಕಸಿದುಕೊಂಡರು.

"ಒಡೀಬ್ಯಾಡ. ಇದು ವಿರುಪಣ್ಣನ ಕಾಲು."

ನಮಗೆ ಅರ್ಥವಾಗುವುದರೊಳಗೆ ಹಳೆಯ ಸೀರೆಯ ಅಂಚು ಹರಿದು, ಕಾಯಿಯನ್ನು ಎಡಗಡೆ ಗೇರಿನ ಹತ್ತಿರ, ಸರಿಯಾಗಿ ಮಗನ ಕಾಲು ಇರುವ ಜಾಗದಲ್ಲಿ ಕಟ್ಟಿದರು. "ಈಗ ಗಾಡಿ ಕೆಡವ್ರಿ," ಎಂದರು.

"ಯವ್ವಾ, ಹೊಸಾ ಗಾರ್ಡು!" ಎಂದರು ನಮ್ಮವರು.

"ಗಾರ್ಡು ಹೊಸಾದು, ಕಾಲು ಹಳೀದು. ಕೆಡವು."

ದುರಗಪ್ಪನಿಗೆ ಧರ್ಮದ ಚಿಂತೆ ಹತ್ತಿತು. "ಗಾಡಿ ಪೂಜಿ ಕಾಯಿ ಒಡೀಬೇಕಲ್ಲ, ಯವ್ವಾ. ಉಳಿದ್ರ ಛಲೋ ಅಲ್ಲ."

"ಒಡದ್ರ ಗಾಡಿ ನಿನಗ. ಸುಮ್ನ ನಿಂದ್ರು."

ಅವನು ಕಾಯಿ ಒಡೆಯಲಿ ಎಂದು ಕೈ ಮುಗಿದ. ಉಳಿಯಲಿ ಎಂದು ನಾನು ಮುಗಿದೆ. ನಮ್ಮವರು ಹ್ಯಾಂಡಲ್ ಬಿಟ್ಟರು. ಗಾಡಿ ಧಡಾರನೆ ಬಿತ್ತು, ಗಾರ್ಡು ನೆಲಕ್ಕೆ ಒತ್ತಿ ನಿಂತಿತು. ಅತ್ತೆ ಬಗ್ಗಿ ನೋಡಿದರು. ಕಾಯಿಯ ಮೇಲಿನ ಬೂದಿ ಸಹ ಅಳಿಸಿರಲಿಲ್ಲ.

ಅಬ್ಬಾ! ಕುಣಿಯುವುದೊಂದು ಬಾಕಿ. ದುರಗಪ್ಪನ ಮುಖ ನೋಡಬೇಕಿತ್ತು ನೀವು. ನಾನು ಕರ್ಪೂರಕ್ಕೆ ಕಡ್ಡಿ ಗೀರಿದೆ.

"ತಡಿ," ಎಂದರು ಅತ್ತೆ.

ಬಳ್ಳಿಯಿಂದ ಇನ್ನೊಂದು ಕಾಯಿ ಕಿತ್ತು ತಂದರು, ಸ್ವಲ್ಪ ಸಣ್ಣದು. ಈ ಸಲ ಅದನ್ನು ಹಿಂದೆ, ಎಡಗಡೆ, ಚಕ್ರದ ಪಕ್ಕದಲ್ಲಿ ಕಟ್ಟತೊಡಗಿದರು. ನನ್ನ ಮೈ ಉರಿದುಹೋಯಿತು.

"ಕಾಯಿ ಉಳೀತಲ್ಲ, ಅತ್ತಿ! ಇನ್ನೇನು? ನನ್ನ ಸಾಲಿ ಬಿಡಿಸೋದು ಮನಸಿನ್ಯಾಗ ಇದ್ರ ಬಾಯಿ ಬಿಟ್ಟು ಹೇಳ್ರಿ. ಅದು ಒಡೆಯೋ ತನಕ ಕಾಯಿ ಕಟ್ಟಬ್ಯಾಡ್ರಿ!"

ಓಣಿಯ ಮಂದಿ ಬಾಯಿಗೆ ಸೆರಗು ಹಿಡಿದರು. ಅತ್ತೆ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಗಂಟು ಬಿಗಿದು, "ಕೆಡವ್ರಿ," ಎಂದರು.

ಮುಂದಿನ ಗಾರ್ಡು ಗಾಡಿಯನ್ನು ಹಿಡಿಯಿತು. ಆದರೆ ಹಿಂಭಾಗ ವಾಲಿ ನೆಲಕ್ಕೆ ಬಡಿಯಿತು. ಕಾಯಿ ಫಟ್ಟನೆ ಒಡೆದು ಬೀಜ, ತಿರುಳು ನನ್ನ ಪಾದಕ್ಕೆ ಸಿಡಿಯಿತು. ನನಗೆ ಅಳುವೇ ಬಂತು. ಮುಗಿಯಿತು ಶಾಲೆ ಅಂದುಕೊಂಡೆ. ದುರಗಪ್ಪ ಅಷ್ಟರಲ್ಲೇ ಗಾಡಿ ಎತ್ತಿ ಹ್ಯಾಂಡಲ್ ಹಿಡಿದಿದ್ದ.

ಅತ್ತೆ ಅವನ ಕೈಗೆ ಒಂದು ಏಟು ಕೊಟ್ಟರು. "ಕೈ ತಗಿ. ಗಾಡಿ ಎಲ್ಲಿಗೂ ಹೋಗಂಗಿಲ್ಲ." ಆಮೇಲೆ ಮಗನ ಕಡೆ ತಿರುಗಿದರು. "ಉಮರಸಾಬಗ ನಿನ್ನ ಕಾಲು ಕಂಡಾವ. ಇಕಿ ಕಾಲು ಎಲ್ಲಿ ಇಡ್ತಾಳ? ಬಿದ್ದ ದಿನದಿಂದ ಕುಂಟಕೋತ ನೀರು ತರಾಕತ್ಯಾಳ. ಗಂಡ ಅನ್ನಿಸ್ಕೊಂಡವಗ ಕಂಡಿಲ್ಲ, ನನಗ ಕಂಡೈತಿ. ಹಿಂದೂ ಒಂದು ಗಾರ್ಡು ಹಾಕ್ಸು. ಅಲ್ಲಿತನಕ ಅಕಿ ಇದರ ಮ್ಯಾಲ ಕುಂದ್ರಂಗಿಲ್ಲ."

ನಮ್ಮವರು ನನ್ನ ಮಂಡಿಯ ಕಡೆ ನೋಡಿ ತಲೆ ಕೆರೆದುಕೊಂಡರು. ಇಷ್ಟು ದಿನ ಯಾರ ಕಣ್ಣಿಗೂ ಬೀಳಲಿಲ್ಲವೆಂದು ಕುದಿಯುತ್ತಿದ್ದ ನಾನು, ಅತ್ತೆಯ ಕಣ್ಣಿಗೆ ಬಿದ್ದಿದೆ ಎಂದು ತಿಳಿದಾಗ ಬಗ್ಗಿ ಪಾದಕ್ಕೆ ಅಂಟಿದ್ದ ಬೀಜ ಒರೆಸುತ್ತ ಕೂತೆ.

ದೀಪ ಹಚ್ಚುವ ಹೊತ್ತಿಗೆ ಅತ್ತೆ ನನ್ನನ್ನು ಒಲೆಯ ಪಕ್ಕ, ಮಗನನ್ನು ಕೂರಿಸುತ್ತಿದ್ದ ಜಾಗದಲ್ಲೇ ಕೂರಿಸಿ ಮಂಡಿಗೆ ಎಣ್ಣೆ ಹಚ್ಚಿದರು.

"ಎಲ್ಲಾರ ಮುಂದ ನನಗ ಬಾಯಿ ಮಾಡಿದಿ. ಕಾಲು ನೋಯ್ತೈತಿ ಅಂತ ಹೇಳಾಕ ಬಾಯಿ ಇರ್ಲಿಲ್ಲೇನು?" ಎಂದರು. ನಾನು ಮುಖ ಮುಚ್ಚಿಕೊಂಡು ಗಳಗಳನೆ ಅತ್ತುಬಿಟ್ಟೆ. ಅವರು ತಿಕ್ಕುವುದನ್ನು ನಿಲ್ಲಿಸಲಿಲ್ಲ.

ಮರುದಿನ ಅತ್ತೆಯೂ ಗಂಗಾವತಿಗೆ ಬಂದರು, ನನ್ನ ಜೊತೆ ಬಸ್ಸಿನಲ್ಲಿ. ಉಮರಸಾಬರು ಈ ಸಲ ನನ್ನನ್ನು ಹಿಂದಿನ ಸೀಟಿನಲ್ಲಿ ಕೂರಿಸಿದರು. ಸುತಳಿಯ ಒಂದು ತುದಿ ಅತ್ತೆಯ ಕೈಯಲ್ಲಿತ್ತು. ಇನ್ನಷ್ಟು ಅಗಲ, ಇನ್ನಷ್ಟು ಅಗಲ ಎಂದು ಅತ್ತೆ ಉಮರಸಾಬರ ಪ್ರಾಣ ತಿಂದರು. ಕಾಲಿಡಲು ಒಂದು ತಗಡು, ಅದರ ಹೊರಗೆ ದುಂಡನೆಯ ಪೈಪು, ಸೀರೆಗೆ ಜಾಳಿಗೆ, ಎಲ್ಲವೂ ಆಯಿತು.

ಅಂಗಳದಲ್ಲಿ ಅತ್ತೆ ಮತ್ತೆ ನನ್ನ ಕಾಲಿನ ಜಾಗದಲ್ಲಿ ಕಾಯಿ ಕಟ್ಟಿದರು, ಹಿಂದಿನ ಸಲ ಉಳಿದಿದ್ದ ಆ ದೊಡ್ಡ ಕಾಯಿಯನ್ನೇ. ಗಾಡಿ ಬಿತ್ತು. ಕಾಯಿಗೆ ಒಂದು ಗೀರೂ ಇಲ್ಲ. ಅತ್ತೆ ಗಂಟು ಬಿಚ್ಚಿ ಅದನ್ನು ಎರಡೂ ಕೈಯಲ್ಲಿ ತಂದು ನನ್ನ ಕೈಗಿಟ್ಟರು.

"ಈಗ ಒಡಿ," ಎಂದರು.

ಎತ್ತಿ ಗಾಡಿಯ ಮುಂದೆ ಅಪ್ಪಳಿಸಿದೆ. ಹೋಳುಗಳು ದುರಗಪ್ಪನ ಕಟ್ಟೆಯವರೆಗೂ ಹಾರಿದವು. ಮರುದಿನ ನಾನು ಹೊರಟಾಗ ಅತ್ತೆ ಬುತ್ತಿ ಕೊಟ್ಟು, ಬಗ್ಗಿ ನನ್ನ ಪಾದಗಳನ್ನು ತಾವೇ ತಗಡಿನ ಮೇಲೆ ಸರಿಯಾಗಿ ಇಟ್ಟರು.