ಗೆದ್ದಲು ಮುಟ್ಟದ ಹೊಟ್ಟು

ಮೂರನೇ ಸಲವೂ ನನ್ನ ಬಾಟಲಿಯಲ್ಲಿ ಒಂದೂ ಗುಳ್ಳೆ ಏಳಲಿಲ್ಲ. ಮರದ ಹೊಟ್ಟನ್ನು ಆಮ್ಲದಲ್ಲಿ ಬೇಯಿಸಿ, ಹುಳಿ ಕಳೆದು, ಸಿಕ್ಕ ಸಕ್ಕರೆ ನೀರಿಗೆ ಯೀಸ್ಟ್ ಹಾಕಿದರೆ ಅದು ಉಂಡು ಎಥನಾಲ್ ಕೊಡಬೇಕು. ದಾವಣಗೆರೆಯ ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಅದು ಉಪವಾಸ ಕೂತಿತ್ತು.

"ಶುಕ್ರವಾರದೊಳಗೆ ಆಗ್ಲಿಲ್ಲ ಅಂದ್ರೆ ವಿಷಯ ಬದಲಿಸು ಕೃತಿಕಾ. ಒಂದು ವರ್ಷ ಹೋತು ಅನ್ಕೋ" ಎಂದರು ಗೈಡ್. ಅವತ್ತು ಸೋಮವಾರ.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಯೀಸ್ಟನ್ನು ಬೈದೆ, ಆಮ್ಲವನ್ನು ಬೈದೆ, ಕೊನೆಗೆ ಹೊಟ್ಟು ಕೊಟ್ಟ ಮಕ್ತುಮ್ ಸಾಬರನ್ನು ಬೈಯಲು ಚೀಲದ ಸಮೇತ ಹರಿಹರದ ಬಸ್ಸು ಹತ್ತಿದೆ.

ಸಾಬರು ಸಾಮಿಲ್ಲಿನ ಗರಗಸ ನಿಲ್ಲಿಸಿ ಕುರ್ಚಿ ಒರೆಸಿದರು. "ಬರ್ರಿ ತಾಯಿ, ಕೂಡ್ರಿ."

"ನೀಲಗಿರಿ ಹೊಟ್ಟು ಕೇಳಿದ್ನಲ್ಲ ಸಾಬ್ರೆ, ಇದ್ರಾಗೆ ಏನು ಬೆರೆಸೀರಿ?"

ಅವರ ಮುಖ ಚಿಕ್ಕದಾಯಿತು. "ಬೆರಕೆ ಅಲ್ಲವ್ವ, ಅಸಲಿ ಸಾಗವಾನಿ. ನಮ್ಮ ಹಳೇ ಗಿರಾಕಿ ಮಂಡಿಪೇಟೆ ವಾಮದೇವಪ್ಪನೋರ ಮೊಮ್ಮಗಳು ಬಾಯಿಬಿಟ್ಟು ಕೇಳ್ಯಾಳೆ, ನೀಲಗಿರಿ ಕೊಟ್ರೆ ಚೆಂದ ಇರ್ತೈತಾ? ಅದ್ಕೇ ಆರಿಸಿ ಆರಿಸಿ ತುಂಬ್ಸಿದ್ದೆ. ಯಾತಕ್ಕೆ ಬೇಕಿತ್ತು?"

ಬೈಯಲು ಬಂದವಳು ಚೀಲ ಕೆಳಗಿಟ್ಟು ಕುರ್ಚಿಯಲ್ಲಿ ಕೂತೆ. ಹೊಟ್ಟು ಕೇಳಲು ಬಂದಾಗ ನಾನು "ಪ್ರಾಜೆಕ್ಟಿಗೆ" ಎಂದಷ್ಟೇ ಹೇಳಿದ್ದೆ. ಗರಗಸ ಹಿಡಿದವರಿಗೆ ಇದೆಲ್ಲ ಎಲ್ಲಿ ತಿಳಿಯುತ್ತದೆ ಎಂಬ ಧಿಮಾಕು. ಈಗ ಪೂರ್ತಿ ಹೇಳಿದೆ: ಮರದೊಳಗೆ ಸಕ್ಕರೆ ಸರಪಳಿಯಾಗಿ ಅಡಗಿರುವುದು, ಲಿಗ್ನಿನ್ ಎಂಬ ಅಂಟು ಅದನ್ನು ಬಿಗಿಯಾಗಿ ಹಿಡಿದಿರುವುದು, ಆ ಅಂಟು ಬಿಡಿಸಿದ ಮೇಲೆ ಉಣ್ಣಲು ಬರುವ, ಕಣ್ಣಿಗೆ ಕಾಣದ ಯೀಸ್ಟ್ ಎಂಬ ಜೀವ.

ಕೇಳಿ ಮುಗಿಸಿ ಸಾಬರು ನಕ್ಕರು. "ಸಾಗವಾನ್ಯಾಗೆ ಎಣ್ಣೆ ಐತೆ. ಅದಿರೋದ್ರಿಂದ್ಲೇ ಗೆದ್ದಲು ಮುಟ್ಟಲ್ಲ, ನಾವು ಬಾಗ್ಲಿಗೆ ಹಾಕ್ತೀವಿ. ಗೆದ್ದಲೇ ತಿನ್ನದ್ದನ್ನ ಆ ಸಣ್ಣ ಜೀವ ಹೆಂಗೆ ಉಣ್ತಾವೆ? ಮೊದ್ಲೇ ಹೇಳ್ಬಾರ್ದಿತ್ತಾ?"

ನಾಚಿಕೆಯಿಂದ ತಲೆ ತಗ್ಗಿಸಿದೆ. ಚೀಲದ ಮೇಲೆ 'ನೀಲಗಿರಿ' ಎಂದು ಬರೆದವಳು ನಾನೇ. ಮೂರು ಸಲ ಕೈಯಾರೆ ತೂಗಿದರೂ ಆ ಜಿಡ್ಡು, ಆ ಹೊಂಬಣ್ಣ ನನಗೆ ಕಾಣಿಸಿರಲಿಲ್ಲ.

ಅವರೇ ನೀಲಗಿರಿ ದಿಮ್ಮಿ ಕೊಯ್ದು, ಹೊಟ್ಟು ಜರಡಿ ಹಿಡಿದು, ಹೊಸ ಚೀಲ ಕಟ್ಟಿಕೊಟ್ಟರು. "ಅದು ನಿಮಗಂತ ಕೊಟ್ಟಿದ್ದು. ಇದು ಅವಕ್ಕೆ."

ಮರುದಿನವೇ ಅದನ್ನು ಬೇಯಿಸಿ, ಬುಧವಾರ ಯೀಸ್ಟ್ ಹಾಕಿದೆ. ಗುರುವಾರ ಬೆಳಿಗ್ಗೆ ಲ್ಯಾಬಿನ ಬಾಗಿಲು ತೆರೆದಾಗ ಬಾಟಲಿಯಲ್ಲಿ ಗುಳ್ಳೆಗಳು ಏಳುತ್ತಿದ್ದವು. ಗೈಡಿಗಿಂತ ಮೊದಲು ಹರಿಹರಕ್ಕೆ ಫೋನ್ ಮಾಡಿದೆ. ಆ ಕಡೆ ಗರಗಸದ ಸದ್ದು ನಿಂತಿತು.

"ಉಂಡ್ವೇನವ್ವ?" ಎಂದರು ಸಾಬರು.

"ಉಂಡ್ವು ಸಾಬ್ರೆ" ಎಂದು ಫೋನನ್ನು ಬಾಟಲಿಯ ಹತ್ತಿರ ಹಿಡಿದೆ.